ಪಾರ್ಕಿಗೆ ಮೊದಲು ನೆರಳು, ಆಮೇಲೆ ಕಾರಂಜಿ

ಪಾರ್ಕು ಸುಧಾರಿಸಲು ಹೊರಟವರು ಮೊದಲು ಕೇಳುವುದು ಕಾರಂಜಿ, ಕಮಾನು, ಬಣ್ಣದ ದೀಪ. ಬೆಂಗಳೂರಿನ ನಮ್ಮ ಬಡಾವಣೆಯ ಸಂಘದಲ್ಲಿ ನಾನು ಹಟ ಹಿಡಿದು ಕೇಳಿದ್ದು ಬೇರೆ: ಬೆನ್ನು ಒರಗಿಸಲು ಬರುವ ಬೆಂಚು, ಗೇಟಿನ ಬಳಿ ಮೆಟ್ಟಿಲಿನ ಬದಲು ಇಳಿಜಾರು, ಮಧ್ಯಾಹ್ನವೂ ತೆರೆದಿರುವ ಗೇಟು.

ಅರ್ಜಿ ಬರೆಯುವ ಮೊದಲು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಕುಳಿತು ನೋಡಿ. ಬೆಳಿಗ್ಗೆ ವಾಕಿಂಗ್‌ನವರ ಮಾತೇ ಜೋರಾಗಿ ಕೇಳಿಸುತ್ತದೆ. ಆದರೆ ಬಿಸಿಲೇರಿದ ಮೇಲೆ ಮನೆಗೆಲಸದ ಹೆಂಗಸರು, ಗಾರೆ ಕೆಲಸದವರು ಬುತ್ತಿ ಬಿಚ್ಚಲು ನೆರಳು ಹುಡುಕುತ್ತಾರೆ. ಆ ಹೊತ್ತಿಗೆ ಗೇಟಿಗೆ ಬೀಗ ಬಿದ್ದಿದ್ದರೆ ಪಾರ್ಕು ಇದ್ದೂ ಅವರಿಗೆ ಇಲ್ಲ. ಅವರನ್ನೂ ಮಾತನಾಡಿಸಿ, ಅವರ ಬೇಡಿಕೆಯನ್ನೂ ಬರೆದುಕೊಳ್ಳಿ.

ಗಿಡ ನೆಡುವುದಾದರೆ ಜೂನ್ ಮಳೆ ಹಿಡಿದ ಮೇಲೆ ನೆಡಿ. ಹೊಂಗೆ, ಬೇವು, ನೇರಳೆ ಸಾಕು. ಬೆಂಚಿನ ಪಶ್ಚಿಮಕ್ಕೆ ನೆಟ್ಟರೆ ಸಂಜೆಯ ಬಿಸಿಲು ತಡೆಯುತ್ತದೆ. ಮೊದಲ ಬೇಸಿಗೆಗಳಲ್ಲಿ ನೀರು ಹಾಕುವವರು ಯಾರೆಂದು ನೆಡುವ ದಿನವೇ ತೀರ್ಮಾನಿಸಿ. ಹಳೆಯ ಮರಗಳ ಬುಡದವರೆಗೂ ಟೈಲ್ಸ್ ಹಾಕಿದ್ದರೆ, ಸುತ್ತ ಒಂದು ಮೀಟರ್ ತೆಗೆಸಿ. ಬೇರಿಗೆ ನೀರೂ ಗಾಳಿಯೂ ಬೇಕು.

ತರಗೆಲೆಗೆ ಬೆಂಕಿ ಹಚ್ಚಲು ಬಿಡಲೇಬೇಡಿ. ಮೂರು ಅಡಿ ಅಗಲದ ತಂತಿ ಬಲೆಯನ್ನು ದುಂಡಗೆ ನಿಲ್ಲಿಸಿ ಎಲೆ ತುಂಬಿಸಿ. ಒಂದೊಂದು ಪದರಕ್ಕೂ ಸಗಣಿ ನೀರು ಚಿಮುಕಿಸಿ. ಹಿಡಿ ಎಲೆ ಹಿಂಡಿದರೆ ಕೈಗೆ ತೇವ ತಾಗಬೇಕು, ನೀರು ಸುರಿಯಬಾರದು. ಎರಡು ವಾರಕ್ಕೊಮ್ಮೆ ಕೆದಕಿ ತಿರುವಿದರೆ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ಅದನ್ನು ಅಲ್ಲಿನ ಗಿಡಗಳಿಗೇ ಹಾಕಿ. ಮಕ್ಕಳ ಕೈಯಿಂದ ಹಾಕಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಅವರೇ ಗಿಡ ಕಾಯುತ್ತಾರೆ.

ಪಾಲಿಕೆಗೆ ಕೊಡುವ ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. ಫೋಟೋ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಮೇಜು ಬಿಡಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿರ್ವಹಣೆಯ ಗುತ್ತಿಗೆ ಕರಾರಿನ ಪ್ರತಿ ಕೇಳಿ. ಮಾಹಿತಿ ಕೊಡಲು ಅವರಿಗಿರುವ ಗಡುವು 30 ದಿನ. ಯಾವ ಗಿಡಕ್ಕೆ ಎಷ್ಟು ನೀರು, ಎಷ್ಟು ಜನ ಮಾಲಿಗಳು ಎಂಬುದು ಕರಾರಿನಲ್ಲಿ ಇದ್ದರೆ, ಮುಂದಿನ ಮಾತು ಗಟ್ಟಿಯಾಗುತ್ತದೆ. ಪಾರ್ಕಿನೊಳಗೆ ಸಭಾಭವನ ಕಟ್ಟುವ ಮಾತು ಬಂದರೆ, ಉದ್ಯಾನ ಮತ್ತು ಆಟದ ಮೈದಾನಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಆಕ್ಷೇಪಣೆಯಲ್ಲಿ ಅದನ್ನು ಉಲ್ಲೇಖಿಸಿ.

ಶೌಚಾಲಯ ಮಂಜೂರಾದರೆ ನೀರಿನ ಸಂಪರ್ಕ, ದಿನದ ಶುಚಿ, ಬೀಗದ ಕೈ ಇವು ಯಾರ ಹೊಣೆ ಎಂಬುದನ್ನು ಉದ್ಘಾಟನೆಗೆ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.