ಮಗುವಿನ ಡ್ರೈ ಸಿರಪ್: ಗೆರೆ ನೋಡಿ ನೀರು ಹಾಕಿ

ಡಾಕ್ಟರು ಮಗುವಿಗೆ ಆಂಟಿಬಯಾಟಿಕ್ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನವರು ಪುಡಿ ಇರುವ ಬಾಟಲಿ ಕೊಟ್ಟು, "ನೀರು ಹಾಕಿ ಅಲ್ಲಾಡಿಸಿ ಕೊಡಿ" ಅಂತ ಹೇಳಿ ಮುಂದಿನ ಗಿರಾಕಿ ಕಡೆ ತಿರುಗುತ್ತಾರೆ. ಆಮೇಲೆ ಮನೆಯಲ್ಲಿ ನಡೆಯುವುದನ್ನು ನೆಂಟರಿಷ್ಟರ ಹತ್ತಿರ ಸಾಕಷ್ಟು ನೋಡಿದ್ದೇನೆ. ಕುತ್ತಿಗೆವರೆಗೂ ನೀರು ತುಂಬಿದವರಿದ್ದಾರೆ, ಬೇಗ ಕರಗಲಿ ಅಂತ ಬಿಸಿನೀರು ಸುರಿದವರಿದ್ದಾರೆ, ಪುಡಿಯನ್ನೇ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದ ಅಜ್ಜಿಯೂ ಇದ್ದಾರೆ.

ನಮ್ಮಲ್ಲಿ ಜಾಸ್ತಿ ಕಾಣುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ಪನ್ನೇ ತೆಗೆದುಕೊಳ್ಳೋಣ. ಬ್ಯಾಕ್ಟೀರಿಯಾಕ್ಕೆ ಸುತ್ತ ಒಂದು ಗೋಡೆ ಇರುತ್ತದೆ. ಅಮಾಕ್ಸಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ನಮ್ಮ ಜೀವಕೋಶಕ್ಕೆ ಆ ಗೋಡೆ ಇಲ್ಲ, ಅದಕ್ಕೇ ನಮಗೆ ಏಟು ಬೀಳುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ನನ್ನೇ ಮುರಿದುಹಾಕುವ ಕಿಣ್ವ ಬಿಡುತ್ತವೆ, ಅದನ್ನು ಕಟ್ಟಿಹಾಕುವುದು ಕ್ಲಾವುಲನೇಟ್. ಉಳಿದದ್ದನ್ನು ರಕ್ತದ ಬಿಳಿ ಕಣಗಳು ನುಂಗಿ ಮುಗಿಸುತ್ತವೆ. ವೈರಸ್ಸಿಗೆ ಇಂಥ ಗೋಡೆಯೇ ಇಲ್ಲ, ಹಾಗಾಗಿ ಬರೀ ನೆಗಡಿಗೆ ಈ ಸಿರಪ್ ಕೊಟ್ಟರೆ ದುಡ್ಡು ದಂಡ. ಜೊತೆಗೆ ಭೇದಿ ಬೇರೆ.

ಈ ಕ್ಲಾವುಲನೇಟ್ ನೀರು ತಾಗಿದ ಮೇಲೆ ಜಾಸ್ತಿ ದಿನ ಬಾಳುವುದಿಲ್ಲ. ಕಂಪನಿ ಪುಡಿಯಾಗಿ ಕೊಡುವುದು ಅದಕ್ಕೇ.

ಮೊದಲು ಕೈ ತೊಳೆಯಿರಿ. ಕಾಯಿಸಿ ಪೂರ್ತಿ ಆರಿಸಿದ ನೀರು ತಗೊಳ್ಳಿ. ಬಾಟಲಿ ಜೊತೆಯಲ್ಲೇ ನೀರು ಕೊಟ್ಟಿದ್ದರೆ ಅದೇ ಒಳ್ಳೆಯದು.

ಈಗ ಎಲ್ಲರೂ ಎಡವುವ ಜಾಗ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ತಲೆಕೆಳಗು ಮಾಡಿ ಅಂಗೈಗೆ ತಟ್ಟಿ. ತಳದಲ್ಲಿ ಅಂಟಿಕೊಂಡ ಪುಡಿ ಸಡಿಲವಾಗಬೇಕು. ಬಾಟಲಿ ಮೇಲೆ ಅಥವಾ ಲೇಬಲ್ಲಿನಲ್ಲಿ ಒಂದು ಗೆರೆ ಅಥವಾ ಬಾಣದ ಗುರುತು ಇರುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ನೀರನ್ನು ಒಮ್ಮೆಲೇ ಸುರಿಯಬೇಡಿ, ರಾಗಿಹಿಟ್ಟಿಗೆ ನೀರು ಸುರಿದ ಹಾಗೆ ತಳದಲ್ಲಿ ಗಂಟು ಕೂರುತ್ತದೆ. ಮೊದಲು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಾಕಿ, ಮುಚ್ಚಳ ಬಿಗಿ ಮಾಡಿ, ಚೆನ್ನಾಗಿ ಕುಲುಕಿ, ತಳ ಎತ್ತಿ ಬೆಳಕಿಗೆ ಹಿಡಿದು ಮೂಲೆಯಲ್ಲಿ ಬಿಳಿ ಪುಡಿ ಉಳಿದಿದೆಯಾ ನೋಡಿ, ಉಳಿದಿದ್ದರೆ ಮತ್ತೆ ಕುಲುಕಿ. ಮೇಲೆ ನೊರೆ ಬಂದಿರುತ್ತದೆ. ಅದು ಇಳಿಯುವ ತನಕ ಸುಮ್ನೆ ಕಾಯಬೇಕು. ನೊರೆಯ ಮಟ್ಟವನ್ನೇ ಗೆರೆ ಅಂದುಕೊಂಡವರ ಬಾಟಲಿಯಲ್ಲಿ ನೀರು ಕಡಿಮೆ, ಔಷಧ ಗಟ್ಟಿ. ನೊರೆ ಇಳಿದಾಗ ಮಟ್ಟವೂ ಕೆಳಗಿರುತ್ತದೆ. ಬಾಟಲಿಯನ್ನು ಮೇಜಿನ ಮೇಲಿಟ್ಟು, ನೀವು ಬಗ್ಗಿ ಕಣ್ಣು ಗೆರೆಯ ಮಟ್ಟಕ್ಕೆ ತಂದು, ತೊಟ್ಟು ತೊಟ್ಟಾಗಿ ಗೆರೆವರೆಗೆ ತುಂಬಿ, ಇನ್ನೊಮ್ಮೆ ಕುಲುಕಿ. ನೊರೆ ಇಳಿದ ಮೇಲೆ ಮಟ್ಟ ಗೆರೆಗಿಂತ ಕೆಳಗಿದ್ದರೆ ಗೆರೆವರೆಗೆ ಮಾತ್ರ ಇನ್ನಷ್ಟು ನೀರು ಹಾಕಿ ಕುಲುಕಿ. ಮಗುವಿಗೆ ಕೊಡಲು ಶುರು ಮಾಡಿದ ಮೇಲೆ ಮತ್ತೆ ನೀರು ಹಾಕಬಾರದು.

ಇಷ್ಟು ಯಾಕೆ ಎಳೆಯುತ್ತಿದ್ದೇನೆ ಅಂದರೆ ಲೆಕ್ಕ ನೋಡಿ. 30 ಎಂ.ಎಲ್. ಆಗಬೇಕಾದ ಬಾಟಲಿಯಲ್ಲಿ 5 ಎಂ.ಎಲ್.ಗೆ 200 ಮಿಲಿಗ್ರಾಂ ಅಮಾಕ್ಸಿಸಿಲಿನ್ ಇದೆ ಅನ್ನಿ. ನೀವು 40 ಎಂ.ಎಲ್. ಮಾಡಿದರೆ ಮಗುವಿಗೆ ಹೋಗುವುದು ಪ್ರತಿ ಸಲ 150 ಮಾತ್ರ. 25ಕ್ಕೇ ನಿಲ್ಲಿಸಿದರೆ 240. ನೀರು ಜಾಸ್ತಿ ಆಯಿತಾ, ಸ್ವಲ್ಪ ಚೆಲ್ಲಿದರೆ ಸರಿಹೋಗುವುದಿಲ್ಲ, ಔಷಧವೂ ಅದರ ಜೊತೆ ಹೋಗುತ್ತದೆ. ಹೊಸ ಬಾಟಲಿ ತನ್ನಿ.

ಅಳೆಯಲು ಸೂಜಿ ಇಲ್ಲದ ಸಿರಿಂಜೇ ಬೇಕು, ನನ್ನದು ಇದರಲ್ಲಿ ಹಟ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಬಾಟಲಿಗೆ ಸಿಕ್ಕಿಸಿ ಕೊಡುವ ಪ್ಲಾಸ್ಟಿಕ್ ಕಪ್ಪಿನ ಗೆರೆ ಎಷ್ಟೋ ಸಲ ಕಾಣುವುದೇ ಇಲ್ಲ. ಪ್ರತಿ ಸಲ ಕುಲುಕಿ, ಸಿರಿಂಜಿಗೆ ಎಳೆದು, ಗಂಟಲಿಗಲ್ಲ, ಕೆನ್ನೆಯ ಒಳಬದಿಗೆ ನಿಧಾನಕ್ಕೆ ಬಿಡಿ. ಊಟ ಶುರು ಮಾಡುವಾಗ ಕೊಟ್ಟರೆ ಹೊಟ್ಟೆಗೆ ಹಿತ. ಲೋಟದ ತುಂಬ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಎಷ್ಟು ಒಳಗೆ ಹೋಯಿತು ಅಂತ ದೇವರಿಗೇ ಗೊತ್ತು.

ಕಲಸಿದ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಲ್ಲ. ಈ ಸಿರಪ್ ಸಾಮಾನ್ಯವಾಗಿ 7 ದಿನ. ಬೇರೆ ಔಷಧಕ್ಕೆ ಬೇರೆ ಅವಧಿ, ಲೇಬಲ್ ಓದಿ. ಕಲಸಿದ ತಾರೀಖನ್ನು ಪೆನ್ನಿನಲ್ಲಿ ಬಾಟಲಿ ಮೇಲೆಯೇ ಬರೆಯಿರಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ದಿನಕ್ಕೆ ಎರಡು ಸಲ 5 ಎಂ.ಎಲ್. ಅಂದರೆ 30 ಎಂ.ಎಲ್. ಬಾಟಲಿ ಮೂರೇ ದಿನಕ್ಕೆ ಖಾಲಿ. ಡಾಕ್ಟರು ಐದು ದಿನ ಬರೆದಿದ್ದರೆ ಎರಡನೇ ಬಾಟಲಿ ಬೇಕೇ ಬೇಕು, ಆದರೆ ಮೊದಲನೆಯದು ಮುಗಿದ ಮೇಲೆಯೇ ಅದಕ್ಕೆ ನೀರು ಹಾಕಿ. ಎಷ್ಟೋ ಮನೆಗಳಲ್ಲಿ ಬಾಟಲಿ ಮುಗಿಯಿತು ಅಂದರೆ ಔಷಧ ಮುಗಿಯಿತು ಅಂತಲೇ ಲೆಕ್ಕ! ಜ್ವರ ಇಳಿಯಿತು ಅಂತ ನಡುವೆ ನಿಲ್ಲಿಸುವುದಿದ್ದರೂ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಪೆನಿಸಿಲಿನ್ ಆಗಿಬರದ ಮಗುವಾದರೆ ಬರೆಸಿಕೊಳ್ಳುವಾಗಲೇ ಹೇಳಿ. ಕೊಟ್ಟ ಮೇಲೆ ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸ್ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ತುಟಿ ಊದಿಕೊಂಡರೆ ಅಥವಾ ಉಸಿರಾಡಲು ಕಷ್ಟವಾದರೆ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.