ಹಡಗಿನ ಗ್ಲಾಸು, ಊಟ, ಪಾಯಿಂಟು: ನಮ್ಮ ಮನೆಯ ಲೆಕ್ಕ

ತೋಟ ಇಟ್ಟುಕೊಂಡವರಿಗೆ ರಜೆ ಬೇಕೆಂದಾಗ ಸಿಗುವುದಿಲ್ಲ. ನವೆಂಬರ್‌ನಿಂದ ಅರೇಬಿಕಾ ಕಾಫಿಯ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಆಮೇಲೆ ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುತ್ತ ಕೂರುವುದು, ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪೈಪು ಎಳೆಯುವುದು. ಮುಂಗಾರು ಹಿಡಿಯುವ ಮೊದಲು ಗಿಡಕ್ಕೆ ರೋಗ ತಗುಲದಂತೆ ಹೊಡೆಯುವ ಬೋರ್ಡೊ ಔಷಧಿಯ ಸಿಂಪಡಣೆ ಮುಗಿದಿರಬೇಕು. ಇಷ್ಟರ ನಡುವೆ ನಾಲ್ಕೈದು ದಿನದ ಒಂದು ಸಂದು ಸಿಗುತ್ತದೆ. ಮೂಡಿಗೆರೆ ಸೀಮೆಯ ನಮ್ಮ ಮನೆಯವರು ಕ್ರೂಸ್, ಅಂದರೆ ಸಮುದ್ರ ವಿಹಾರದ ಹಡಗು, ಹತ್ತಲು ಶುರುಮಾಡಿದ್ದೇ ಆ ಸಂದಿಗೆ ಅದು ಸರಿಯಾಗಿ ಕೂರುತ್ತದೆ ಎಂಬ ಕಾರಣಕ್ಕೆ. ಒಮ್ಮೆ ಸಾಮಾನು ಬಿಚ್ಚಿದರೆ ಮುಗಿಯಿತು. ಅತ್ತೆಯವರ ಮಂಡಿಗೂ ತೊಂದರೆ ಇಲ್ಲ, ದಿನಾ ಹೋಟೆಲ್ ಬದಲಿಸುವ ರಗಳೆಯೂ ಇಲ್ಲ.

ಮೊದಲು ಹೋದದ್ದು ಮುಂಬೈಯಿಂದ, ಕಾರ್ಡೇಲಿಯಾ ಎಂಬ ಕ್ರೂಸ್ ಕಂಪನಿಯವರ ಎಂಪ್ರೆಸ್‌ನಲ್ಲಿ. 1990ರಲ್ಲಿ ಕಟ್ಟಿದ ಹಡಗು ಅದು. ಹಿಂದೆ ರಾಯಲ್ ಕೆರಿಬಿಯನ್ ಕಂಪನಿಯದ್ದಾಗಿತ್ತು. ಅಲ್ಲಿ ಜೈನ ಊಟವೇ ಸಿಗುವುದರಿಂದ ಅತ್ತೆಗೆ ಚಿಂತೆ ಇರಲಿಲ್ಲ. ಆಮೇಲೆ ಸಿಂಗಪುರದ ಮರೀನಾ ಬೇ ಟರ್ಮಿನಲ್‌ನಿಂದ ಪೆನಾಂಗ್, ಫುಕೆಟ್ ಕಡೆ ಹೊರಡುವ ದೊಡ್ಡ ಹಡಗುಗಳು. ಅಲ್ಲಿ ಲೆಕ್ಕವೇ ಬೇರೆ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆಯುವವಳು ನಾನೇ ಆದ್ದರಿಂದ ಈ ಲೆಕ್ಕವೂ ನನ್ನ ತಲೆಗೇ ಬಂತು.

ಟಿಕೆಟ್‌ನಲ್ಲಿ ಕೋಣೆ, ಮುಖ್ಯ ಊಟದ ಹಾಲ್, ಬಫೆ, ಕುಡಿಯುವ ನೀರು, ಮಾಮೂಲಿ ಚಹಾ ಕಾಫಿ, ನಿಂಬೆ ಪಾನಕ ಇಷ್ಟೆಲ್ಲ ಸೇರಿರುತ್ತದೆ. ಬಾಟಲಿ ನೀರು, ಕೋಲಾ, ಮೆಷಿನ್‌ನ ಲಾಟೆ, ಹೆಂಡ ಯಾವುದೂ ಸೇರಿರುವುದಿಲ್ಲ. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಕೋಣೆಯ ಕಾರ್ಡೇ ದುಡ್ಡು. ನಮ್ಮ ಕಡೆಯ ಪ್ಲಾಂಟರ್ಸ್ ಕ್ಲಬ್‌ಗಳಲ್ಲಿ ಚೀಟಿಗೆ ಸಹಿ ಹಾಕುತ್ತ ಹೋಗಿ ತಿಂಗಳ ಕೊನೆಗೆ ಬಿಲ್ ನೋಡಿ ಬೆಚ್ಚುತ್ತಾರಲ್ಲ, ಅದೇ ಕಥೆ, ನಾಲ್ಕೇ ದಿನದಲ್ಲಿ. ಇದಲ್ಲದೆ ದಿನಕ್ಕೆ ತಲೆಗೆ 18 ಡಾಲರ್ ಆಸುಪಾಸು ಟಿಪ್ಸ್ ತಾನೇ ತಾನಾಗಿ ಬಿಲ್ಲಿಗೆ ಬೀಳುತ್ತದೆ. ಮಗುವಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಅದನ್ನು ಟಿಕೆಟ್ ದರಕ್ಕೆ ಕೂಡಿಸಿಯೇ ನಾನು ಒಂದು ಹಡಗನ್ನು ಇನ್ನೊಂದಕ್ಕೆ ಹೋಲಿಸುವುದು.

ಈಗ ಡ್ರಿಂಕ್ಸ್ ಪ್ಯಾಕೇಜ್ ವಿಚಾರ. ದಿನಕ್ಕೆ ಇಷ್ಟು ಕೊಟ್ಟುಬಿಟ್ಟರೆ ಎಷ್ಟಾದರೂ ಕುಡಿಯಿರಿ ಎನ್ನುವ ವ್ಯವಸ್ಥೆ. ಕೇಳಲು ಚೆಂದ. ಆದರೆ ಸಿಂಗಪುರದಿಂದ ನಾವು ಹತ್ತುವ ರಾಯಲ್ ಕೆರಿಬಿಯನ್‌ನಲ್ಲಿ ಒಂದು ನಿಯಮವಿದೆ: ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕೋಣೆಯ, ಕುಡಿಯುವ ವಯಸ್ಸಿನ ಎಲ್ಲರೂ ಕೊಳ್ಳಬೇಕು. ಒಬ್ಬರು ಕೊಂಡು ಇಬ್ಬರು ಕುಡಿಯಬಾರದೆಂದು. ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಆ ವಯಸ್ಸು 18, ಅಮೆರಿಕದಿಂದ ಹೊರಟರೆ 21. ನಮ್ಮ ಮನೆಯಲ್ಲಿ ಯಜಮಾನರು ಸಂಜೆಗೆ ಎರಡು ವಿಸ್ಕಿ, ಅವರ ತಮ್ಮ ಆರಕ್ಕೆ ಕಡಿಮೆ ಇಲ್ಲ. ನಾನೂ ಓರಗಿತ್ತಿಯೂ ಲೈಮ್ ಸೋಡಾದವರು. ಅತ್ತೆಗೆ ಬಿಸಿನೀರು. ಗಂಡ-ಹೆಂಡತಿ ಒಂದೊಂದು ಕೋಣೆ ಎಂದು ಬುಕ್ ಮಾಡಿದರೆ ನಮ್ಮ ಲೈಮ್ ಸೋಡಾಕ್ಕೂ ವಿಸ್ಕಿಯ ದರ ಕೊಟ್ಟ ಹಾಗೆ.

ನಾನು ಮಾಡಿದ್ದು ಇಷ್ಟೇ: ಅಣ್ಣ-ತಮ್ಮ ಇಬ್ಬರಿಗೂ ಒಂದು ಕೋಣೆ, ನಾವು ಮೂವರು ಹೆಂಗಸರಿಗೆ ಎದುರಿನ ಕೋಣೆ. ಏಜೆಂಟ್‌ಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮನೆಯಲ್ಲಿ ಏನೋ ಜಗಳವಾಗಿದೆ ಎಂದುಕೊಂಡಿರಬೇಕು. ಹತ್ತೊಂಬತ್ತರ ನೆಂಟರ ಹುಡುಗ ನಾನೂ ಬರುತ್ತೇನೆ ಎಂದಾಗ ಪೇಚಿಗಿಟ್ಟುಕೊಂಡಿತು. ಗಂಡಸರ ಕೋಣೆಗೆ ಸೇರಿಸಿದರೆ ಸಿಂಗಪುರದ ಲೆಕ್ಕದಲ್ಲಿ ಅವನಿಗೂ ಮದ್ಯದ ಪ್ಯಾಕೇಜ್ ಬೇಕು. ಅವನನ್ನು ಮುಂದಿನ ಸಲ ಕರೆದುಕೊಂಡು ಹೋಗುತ್ತೇವೆ ಎಂದು ಅವನಮ್ಮನಿಗೆ ನಾನೇ ಫೋನ್ ಮಾಡಿದೆ.

ಕೊಳ್ಳಬೇಕೋ ಬೇಡವೋ ಎನ್ನುವುದಕ್ಕೆ ಪೆನ್ಸಿಲ್ ಸಾಕು. ದರ ಹಡಗಿಗೆ, ತಾರೀಖಿಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಪ್ಯಾಕೇಜ್ ದಿನಕ್ಕೆ 70 ಡಾಲರ್ ಎಂದಿಟ್ಟುಕೊಳ್ಳಿ. ಅದರ ಮೇಲೆ 18% ಸೇವಾ ಶುಲ್ಕ, ಒಟ್ಟು 82.60. ಒಂದು ಒಳ್ಳೆಯ ಗ್ಲಾಸಿಗೆ 14 ಡಾಲರ್ ಎಂದರೆ ಅದಕ್ಕೂ 18% ಸೇರಿ 16.52. ಭಾಗಿಸಿದರೆ ಸರಿಯಾಗಿ 5 ಗ್ಲಾಸು. ಅಂದರೆ ದಿನಕ್ಕೆ 5 ಕುಡಿದರೆ ಸರಿಸಮ, ಕಡಿಮೆಯಾದರೆ ನಷ್ಟ. ಅಣ್ಣ-ತಮ್ಮ ಸೇರಿ 10 ಮುಟ್ಟಬೇಕು. ಯಜಮಾನರ ಎರಡು, ತಮ್ಮನ ಆರು ಸೇರಿ 8. ಜೊತೆಗೆ ಒಂದೆರಡು ಕಾಫಿ, ಬಾಟಲಿ ನೀರು ಎಂದರೂ ಅವು ಅಗ್ಗದ ಬಾಬತ್ತು, ಗ್ಲಾಸಿನ ಲೆಕ್ಕಕ್ಕೆ ಬರುವುದಿಲ್ಲ. ಬೇಡ ಎಂದು ಬಿಟ್ಟೆವು.

ಆದರೆ ಹಡಗು ಹತ್ತುವ ಮುಂಚೆ ಆ್ಯಪ್‌ನಲ್ಲಿ ದರ ಏರಿಳಿಯುತ್ತಿರುತ್ತದೆ. ಚಿಕ್ಕಮಗಳೂರಿನಲ್ಲಿ ಕಾಫಿ ದರ ನೋಡುವ ಚಟ ನಮಗೆ ಹೇಗೂ ಇದೆ, ಅದರ ಪಕ್ಕದಲ್ಲೇ ಇದನ್ನೂ ನೋಡುತ್ತಿದ್ದೆ. ಒಂದು ವಾರಾಂತ್ಯ 56ಕ್ಕೆ ಇಳಿಯಿತು. 18% ಸೇರಿದರೆ 66.08, ಅಂದರೆ 4 ಗ್ಲಾಸು. ಇಬ್ಬರಿಗೂ ಸೇರಿ 8. ಆಗ ಕೊಂಡೆವು. ಮೊದಲೇ ಹೆಚ್ಚಿನ ದರಕ್ಕೆ ಕೊಂಡವರು ಸಹ ಹಡಗು ಹೊರಡುವ ಮುಂಚೆ ಅದನ್ನು ರದ್ದುಮಾಡಿ, ದುಡ್ಡು ವಾಪಸು ಪಡೆದು, ಇಳಿದ ದರಕ್ಕೆ ಮತ್ತೆ ಕೊಳ್ಳಬಹುದು. ಹತ್ತಿದ ಮೇಲೆ ಆ ದಾರಿ ಇಲ್ಲ, ದರವೂ ಸಾಮಾನ್ಯವಾಗಿ ಹೆಚ್ಚೇ. ಮೊದಲ ಮಧ್ಯಾಹ್ನ ಲಿಫ್ಟ್ ಬಾಗಿಲಲ್ಲೇ ನಗುತ್ತ ನಿಂತು ಪ್ಯಾಕೇಜ್ ಮಾರುವ ಹುಡುಗರಿಗೆ ನಾನೂ ನಕ್ಕು ಮುಂದೆ ಹೋಗುತ್ತೇನೆ. ಬಂದರಿನಲ್ಲಿ ಇಳಿದು ಸುತ್ತುವ ದಿನಗಳು ಹೆಚ್ಚಿದ್ದರೆ ಈ ಲೆಕ್ಕವೂ ತಲೆಕೆಳಗು. ಇಡೀ ದಿನ ಫುಕೆಟ್‌ನಲ್ಲಿ ಅಲೆದು ಸಂಜೆ ಬಂದವನು ಎಷ್ಟು ತಾನೆ ಕುಡಿದಾನು?

ಹಡಗು ಹತ್ತುವ ದಿನ ಕಂಪನಿಯವರು ದೊಡ್ಡವರಿಗೆ ತಲೆಗೊಂದು 750 ಮಿಲಿ ವೈನ್ ಬಾಟಲಿ ತರಲು ಬಿಡುತ್ತಾರೆ, ಸೀಲ್ ಒಡೆಯದ್ದು. ನಮ್ಮ ಮೈದುನನಿಗೆ ಮನೆಯಲ್ಲೇ ಮಾಡಿದ ನೇರಳೆ ಹಣ್ಣಿನ ವೈನ್ ಒಯ್ಯುವ ಆಸೆ. ಜಾಡಿಯಿಂದ ಬಾಟಲಿಗೆ ಸುರಿದು ಮೇಣ ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ ಎಂದ. ಎಕ್ಸ್‌ರೇ ಮುಂದೆ ನೀನೇ ನಿಂತುಕೋ ಎಂದ ಮೇಲೆ ಸುಮ್ಮನಾದ. ದಾರಿಯಲ್ಲಿ ಲಂಕಾವಿಯಂಥ ತೆರಿಗೆ ಇಲ್ಲದ ದ್ವೀಪದಲ್ಲಿ ಕೊಂಡ ಬಾಟಲಿಗಳನ್ನು ಹಡಗಿನ ಬಾಗಿಲಲ್ಲೇ ತೆಗೆದಿಟ್ಟುಕೊಂಡು ಕೊನೆಗೆ ವಾಪಸು ಕೊಡುತ್ತಾರೆ. ಅದರಲ್ಲಿ ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್. ಆ ವಿಷಯಕ್ಕೆ ಮಾತ್ರ ಕುಡಿಯದ ನಾವು ಮೂವರು ತುಂಬಾ ಬೇಕಾದವರಾಗಿಬಿಡುತ್ತೇವೆ.

ಇನ್ನು ಕಾಫಿ. ಪುಕ್ಕಟೆ ಸಿಗುವ ಹಡಗಿನ ಕಾಫಿ ಒಂದು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಬಣ್ಣ ಇರುತ್ತದೆ, ಅಷ್ಟೇ. ಮೆಷಿನ್‌ನದ್ದು ಚೆನ್ನಾಗಿದೆ, ಆದರೆ ಅದಕ್ಕೆ ಕಾಸು. ಬಾಬಾಬುಡನ್‌ಗಿರಿಯ ಜಿಲ್ಲೆಯಿಂದ ಹೋಗಿ ಸಮುದ್ರದ ಮೇಲೆ ಡಾಲರ್ ಕೊಟ್ಟು ಕಾಫಿ ಕುಡಿಯಲು ನನಗೆ ಮನಸ್ಸು ಬರುವುದಿಲ್ಲ. ಕೋಣೆಗೆ ಕೆಟಲ್, ಇಮ್ಮರ್ಶನ್ ಕಾಯಿಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಏನೂ ಒಯ್ಯುವಂತಿಲ್ಲ. ಬೆಂಕಿಯ ಭಯ, ಸಿಕ್ಕಿದರೆ ತೆಗೆದಿಡುತ್ತಾರೆ. ಆದರೆ ಸ್ಟೀಲ್ ಫಿಲ್ಟರ್‌ಗೆ ಕರೆಂಟ್ ಬೇಡವಲ್ಲ! ಸೀಲ್ ಮಾಡಿದ ಪೊಟ್ಟಣದಲ್ಲಿ ಪುಡಿ, ಕಾಲು ಭಾಗ ಚಿಕೋರಿ ಹಾಕಿದ್ದು, ಚಿಕ್ಕ ಫಿಲ್ಟರ್, ಎರಡು ಲೋಟ. ಬೆಳಗ್ಗೆ ಬಫೆಯ ಚಹಾ ನಲ್ಲಿಯಿಂದ ಬಿಸಿನೀರು ಫ್ಲಾಸ್ಕಿಗೆ ಹಿಡಿದುಕೊಂಡು ಬರುತ್ತೇನೆ. ಕುದಿಯುವ ನೀರು ಅದಲ್ಲ, ಡಿಕಾಕ್ಷನ್‌ಗೆ ಕುದಿಯುವ ನೀರು ಬೇಕಾಗಿಯೂ ಇಲ್ಲ. ಪುಡಿಯನ್ನು ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ ಒತ್ತಿ, ನಿಧಾನಕ್ಕೆ ಇಳಿಯಲು ಬಿಟ್ಟರೆ ಸರಿಹೋಗುತ್ತದೆ. ಹಾಲು ತಣ್ಣಗಿನದ್ದು ಎದುರಿಗೇ ಇಟ್ಟಿರುತ್ತಾರೆ. ಬಿಸಿ ಹಾಲು ಬೇಕೆಂದರೆ ಕೌಂಟರ್‌ನಲ್ಲಿ ಕೇಳಿದರೆ ಒಳಗಿನಿಂದ ತಂದುಕೊಡುತ್ತಾರೆ. ಕೇಳಬೇಕು ಅಷ್ಟೇ.

ಊಟದಲ್ಲೂ ಕೇಳುವುದೇ ಮುಖ್ಯ. ಮುಖ್ಯ ಹಾಲ್‌ನಲ್ಲಿ ರಾತ್ರಿ ಊಟಕ್ಕೆ ಎರಡು ಬಗೆ: ಐದೂವರೆ ಅಥವಾ ಎಂಟರ ಆಸುಪಾಸಿನ ಖಾಯಂ ಹೊತ್ತು, ಇಲ್ಲವೇ ನಮಗೆ ಬೇಕಾದಾಗ ಹೋಗುವುದು. ಎರಡನೆಯದು ಅನುಕೂಲ ಎನಿಸುತ್ತದೆ. ಸಸ್ಯಾಹಾರಿಗಳು ಜೊತೆಗಿದ್ದರೆ ನಾನು ಖಾಯಂ ಹೊತ್ತನ್ನೇ ಹಿಡಿಯುತ್ತೇನೆ, ಯಾಕೆಂದರೆ ಆಗ ಮೇಜೂ ಅದೇ, ಬಡಿಸುವವರೂ ಅವರೇ. ಒಬ್ಬರಿಗೆ ಒಮ್ಮೆ ಹೇಳಿದರೆ ಕೊನೆಯ ರಾತ್ರಿವರೆಗೂ ನಡೆಯುತ್ತದೆ. ದಿನಾ ಹೊಸ ಮುಖಕ್ಕೆ ಮೊಟ್ಟೆ ಬೇಡ, ಮೀನಿನ ಸಾಸ್ ಬೇಡ ಎಂದು ಪುರಾಣ ಒದರುವುದು ತಪ್ಪುತ್ತದೆ.

ಮೊದಲ ರಾತ್ರಿ ಕೂತ ಕೂಡಲೇ ಹೆಡ್ ವೇಟರ್‌ರನ್ನು ಕರೆಸಿ ಹೇಳಿಬಿಡುವುದು. ಅತ್ತೆಗೆ ಮಾಂಸ, ಮೀನು, ಮೊಟ್ಟೆ ಇಲ್ಲ, ಸೋಮವಾರವಾದರೆ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಅವರು ಬರೆದುಕೊಂಡು, ನಾಳೆಯದನ್ನು ಇವತ್ತೇ ಹೇಳಿ ಎನ್ನುತ್ತಾರೆ. ಅಡುಗೆಮನೆಯಲ್ಲಿ ಭಾರತದವರು ಬೇಕಾದಷ್ಟು ಜನ ಇರುತ್ತಾರೆ, ಗೋವಾ, ಕೇರಳ, ಮಂಗಳೂರಿನವರು. ಹಿಂದಿನ ರಾತ್ರಿ ಹೇಳಿದ್ದಕ್ಕೆ ಮರುದಿನ ಮೆನುವಿನಲ್ಲಿಲ್ಲದ ದಾಲ್, ಪಲ್ಯ, ಚಪಾತಿ ಬಿಸಿಬಿಸಿಯಾಗಿ ಮೇಜಿಗೆ ಬಂತು. ಪಕ್ಕದ ಮೇಜಿನವರು ಅದು ಯಾವ ಸ್ಪೆಷಲ್ ರೆಸ್ಟೊರೆಂಟ್‌ನದ್ದು ಎಂದು ಕೇಳಿದರು. ಅದಕ್ಕೆ ಪ್ರತ್ಯೇಕ ದುಡ್ಡಿಲ್ಲ. ದುಡ್ಡು ಕೊಟ್ಟು ಹೋಗುವ ಸ್ಟೀಕ್ ಹೌಸ್, ಸುಶಿ, ಇಟಾಲಿಯನ್ ಎಲ್ಲ ಇವೆ. ಸಸ್ಯಾಹಾರಿಗಳಿಗೆ ಸ್ಟೀಕ್ ಹೌಸ್‌ನಲ್ಲಿ ಆಲೂಗಡ್ಡೆಗೆ ದುಬಾರಿ ದರ ಕೊಡುವುದು ಬಿಟ್ಟರೆ ಬೇರೇನೂ ಕೆಲಸವಿಲ್ಲ. ಗಂಡಸರು ಒಂದು ರಾತ್ರಿ ಹೋಗಿ ಬಂದರು, ಚೆನ್ನಾಗಿತ್ತಂತೆ.

ಬಫೆಯಲ್ಲಿ ಹುಷಾರಾಗಿರಬೇಕಾದ ಜಾಗ ಬೇರೆ ಇದೆ. ನೋಡಲು ತರಕಾರಿ ಸೂಪ್, ಕುದಿಸಿದ್ದು ಕೋಳಿ ಸ್ಟಾಕ್‌ನಲ್ಲಿ. ಥಾಯ್ ಕರಿಯಲ್ಲಿ ಸೀಗಡಿ ಪೇಸ್ಟು. ಮೂಸ್, ಪನ್ನಾ ಕೋಟಾದಂಥ ಸಿಹಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್. ಮೇಲೆ ಸಸ್ಯಾಹಾರದ ಎಲೆಯ ಗುರುತು ಇದ್ದರೂ ಬಡಿಸುವ ಹುಡುಗನನ್ನಲ್ಲ, ಬಿಳಿ ಟೋಪಿಯವರನ್ನು ಕೇಳಿ. ಇನ್ನು ಮನೆಯಿಂದ ಒಯ್ಯುವುದಾದರೆ ಅಂಗಡಿಯ ಸೀಲ್ ಇರುವ, ಕೆಡದ ಪೊಟ್ಟಣಗಳು ಸಾಮಾನ್ಯವಾಗಿ ನಡೆಯುತ್ತವೆ. ಮನೆಯಲ್ಲಿ ಮಾಡಿದ ತಿಂಡಿ ನಡೆಯುವುದಿಲ್ಲ. ಹಾಗಾಗಿ ಭರಣಿಯ ಅಪ್ಪೆಮಿಡಿ ಮನೆಯಲ್ಲೇ ಉಳಿಯಿತು, ಪ್ಯಾಕೆಟ್‌ನದ್ದು ಬಂತು. ಅತ್ತೆ ಅದನ್ನು ಉಪ್ಪಿನಕಾಯಿ ಎಂದು ಒಪ್ಪಿಕೊಂಡಿಲ್ಲ, ಮೊಸರನ್ನಕ್ಕೆ ಹಚ್ಚಿಕೊಂಡು ತಿಂದರು ಮಾತ್ರ.

ಪಾಯಿಂಟ್‌ಗಳ ವಿಷಯಕ್ಕೆ ಬಂದರೆ, ಮನೆಯಲ್ಲಿ ಎಲ್ಲರಿಗಿಂತ ಉತ್ಸಾಹ ಮೈದುನನಿಗೆ. ರಾಯಲ್ ಕೆರಿಬಿಯನ್‌ನ ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿಯಲ್ಲಿ, ಅಂದರೆ ಮತ್ತೆ ಮತ್ತೆ ಬರುವವರಿಗೆಂದು ಇರುವ ಸದಸ್ಯತ್ವದಲ್ಲಿ, ಒಂದು ರಾತ್ರಿಗೆ ಒಂದು ಪಾಯಿಂಟ್. 3ಕ್ಕೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ಸೂಟ್‌ನಲ್ಲಿ (ದೊಡ್ಡ, ದುಬಾರಿ ಕೋಣೆ) ಮಲಗಿದರೆ, ಅಥವಾ ಇಡೀ ಕೋಣೆಗೆ ಒಬ್ಬರೇ ದುಡ್ಡು ಕೊಟ್ಟು ಹೋದರೆ ಎರಡರಷ್ಟು. ಡೈಮಂಡ್ ಆದವರ ಕಾರ್ಡಿಗೆ ದಿನಕ್ಕೆ 4 ಗ್ಲಾಸು ಪುಕ್ಕಟೆ ಬೀಳುತ್ತದೆ. ಮೈದುನನ ಕಣ್ಣು ಅದರ ಮೇಲೆ. ನಮ್ಮ ಹಾಗೆ ವರ್ಷಕ್ಕೆ ನಾಲ್ಕು ರಾತ್ರಿಯ ಸಂದು ಸಿಗುವವರು ಅಲ್ಲಿಗೆ ಮುಟ್ಟಲು 20 ವರ್ಷ ಬೇಕು, ಸೂಟ್‌ನಲ್ಲೇ ಹೋದರೆ 10. ಸೂಟಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಆ ಗ್ಲಾಸುಗಳನ್ನೆಲ್ಲ ಈಗಲೇ ಕೊಂಡು ಕುಡಿದು ಇನ್ನೂ ಮಿಕ್ಕುತ್ತದೆ ಎಂದು ಬರೆದು ತೋರಿಸಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಹಡಗಿನಲ್ಲೇ ಮುಂದಿನ ಕ್ರೂಸ್ ಬುಕ್ ಮಾಡಿದರೆ ಖರ್ಚಿಗೆಂದು ಒಂದಷ್ಟು ಕ್ರೆಡಿಟ್ ಕೊಡುತ್ತಾರೆ. ಪಿಂಚಣಿ ಬರುವವರಿಗೆ ಅದು ಒಳ್ಳೆಯ ವ್ಯವಹಾರ. ಮುಂದಿನ ವರ್ಷ ಹೂಮಳೆ ಯಾವ ವಾರ ಬೀಳುತ್ತದೆ ಎಂದು ಇವತ್ತು ಹೇಳಲಾಗದ ನಮಗೆ ಅಲ್ಲ. ಬೇರೆ ಕಂಪನಿಗಳ ದಾರಿ ಬೇರೆ. ಎಂಎಸ್‌ಸಿಯವರು ಇನ್ನೊಂದು ಹಡಗು ಕಂಪನಿಯ, ಹೋಟೆಲ್‌ನ ದರ್ಜೆ ತೋರಿಸಿದರೂ ಹೊಂದಿಸಿ ಕೊಡುತ್ತಾರೆ. ಪ್ರಿನ್ಸೆಸ್‌ನಲ್ಲಿ ಎಲೀಟ್ ದರ್ಜೆಯವರಾದವರ ಬಟ್ಟೆ ಪುಕ್ಕಟೆ ಒಗೆದು ಕೊಡುತ್ತಾರೆ. ಹೆಂಗಸರನ್ನು ಕೇಳಿದ್ದರೆ ನಾಲ್ಕು ಗ್ಲಾಸಿಗಿಂತ ಅದೇ ಮೇಲು ಎನ್ನುತ್ತಿದ್ದೆವು.

ಪಾಯಿಂಟ್‌ನಲ್ಲಿ ನಮ್ಮವರಿಗೆ ನಿಜವಾದ ತೊಡಕು ಹೆಸರಿನದ್ದು. ಮನೆಯಲ್ಲಿ, ಬ್ಯಾಂಕಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಊರು, ಅಪ್ಪನ ಹೆಸರು. ಒಂದು ಸಲ ಏಜೆಂಟ್ ಒಬ್ಬರು ಅತ್ತೆಯವರ ಹೆಸರನ್ನು ಹಿಂದುಮುಂದು ಮಾಡಿ ಬುಕ್ ಮಾಡಿದರು, ಸದಸ್ಯತ್ವದ ನಂಬರ್ ಹಾಕಲೇ ಇಲ್ಲ. ಕಂಪ್ಯೂಟರ್ ಅವರನ್ನು ಹೊಸಬರೆಂದು ತಿಳಿದು ಇನ್ನೊಂದು ಖಾತೆ ತೆರೆಯಿತು. ಈಗ ಬುಕ್ ಮಾಡುವ ಮೊದಲು ನಾನೇ ಪಾಸ್‌ಪೋರ್ಟ್‌ನ ಫೋಟೋ, ಪ್ರತಿಯೊಬ್ಬರ ಸದಸ್ಯತ್ವದ ನಂಬರ್ ಒಂದೇ ಮೆಸೇಜಿನಲ್ಲಿ ಕಳಿಸಿ, ದೃಢೀಕರಣ ಪತ್ರದಲ್ಲಿ ಅವು ಬಂದಿವೆಯೇ ನೋಡಿ ಆಮೇಲೆ ದುಡ್ಡು ಹಾಕುತ್ತೇನೆ. ಕೊನೆಯ ಬಿಲ್ಲನ್ನೂ ಬುಕಿಂಗ್ ನಂಬರನ್ನೂ ಪಾಯಿಂಟ್ ಜಮಾ ಆಗುವವರೆಗೆ ಎಸೆಯುವುದಿಲ್ಲ. ಕೊನೆಯ ರಾತ್ರಿಯೇ ಬಿಲ್ ನೋಡಿಬಿಡಬೇಕು, ಇಳಿಯುವ ಬೆಳಗ್ಗೆ ಗೆಸ್ಟ್ ಸರ್ವಿಸ್ ಮುಂದಿನ ಸಾಲು ಸಂತೆಯಷ್ಟು ಉದ್ದ. ಎರಡು ಖಾತೆ ಒಂದು ಮಾಡಿಸಲು ಅತ್ತೆಯ ಪಾಸ್‌ಪೋರ್ಟ್ ಪ್ರತಿ, ಹಳೆಯ ಬುಕಿಂಗ್‌ಗಳ ನಂಬರ್ ಎಲ್ಲ ಜೋಡಿಸಿಟ್ಟಿದ್ದೇನೆ. ಬೋರ್ಡೊ ಸಿಂಪಡಣೆ ಮುಗಿದ ಮೇಲೆ ಕಳಿಸಬೇಕು.