ಎಳ್ಳಮಾವಾಸ್ಯೆಯ ಹೊಲದಲ್ಲಿ ನನ್ನ ಮಗನ ಮೊದಲ ಹುಟ್ಟುಹಬ್ಬ

ನನ್ನ ಮಗ ಇಪ್ಪತ್ತೆಂಟನೆಯ ವಾರಕ್ಕೇ ಹುಟ್ಟಿದ. ತೂಕ 1,050 ಗ್ರಾಂ. ನಾಲ್ಕನೆಯ ತಿಂಗಳಲ್ಲಿ ಎರಡೂ ಕಣ್ಣುಗಳ ಪಾಪೆ ಬೆಳ್ಳಗೆ ಕಂಡಾಗ ಕಲಬುರಗಿಯಿಂದ ಹೈದರಾಬಾದಿಗೆ ಓಡಿದೆವು. ಅಷ್ಟರಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ, ಪೂರ್ತಿ ಕಿತ್ತುಕೊಂಡಿತ್ತು. ಶಸ್ತ್ರಚಿಕಿತ್ಸೆ ಆಯಿತು. ಈಗ ಅವನ ಬಲಗಣ್ಣಿಗೆ ಬೆಳಕು ಇದೆ, ಇಲ್ಲ ಎಂಬಷ್ಟು ಮಾತ್ರ ತಿಳಿಯುತ್ತದೆ. ಎಡಗಣ್ಣಿಗೆ ಅದೂ ಇಲ್ಲ.

ಆರನೆಯ ತಿಂಗಳಲ್ಲಿ ತೊಟ್ಟಿಲ ಕಾರ್ಯ ಮಾಡಿದ್ದೆವು. ನಗರದ ಒಂದು ಕಲ್ಯಾಣ ಮಂಟಪ, ನೂರೈವತ್ತು ಜನ, ಮೈಕು, ಬಲೂನು. ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಅವನು ಹೋಗುತ್ತಲೇ ಇದ್ದ. ಯಾರು ಎತ್ತಿಕೊಂಡರು, ಯಾರು ಕೆನ್ನೆ ಹಿಂಡಿದರು ಎಂಬುದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಒಂದು ಬಲೂನು ಒಡೆದದ್ದೇ ಬೆಚ್ಚಿಬಿದ್ದು ಅಳಲು ಶುರುಮಾಡಿದವನು ಎರಡು ಗಂಟೆ ನಿಲ್ಲಿಸಲಿಲ್ಲ. ಬಲೂನಿನ ಹತ್ತಿರ ಸೂಜಿ ಬರುವುದನ್ನು ನಾವು ಕಾಣುತ್ತೇವೆ, ಕಿವಿ ಮುಚ್ಚಿಕೊಳ್ಳುತ್ತೇವೆ. ಅವನಿಗೆ ಆ ಸದ್ದು ಎಲ್ಲಿಂದಲೋ ಬಂದು ಹೊಡೆದಂತೆ. ನನ್ನ ಭಾವನವರು, ಅಂದರೆ ಮಗನ ದೊಡ್ಡಪ್ಪ, ಅಳು ನಿಂತ ಮೇಲೆ ಅವನನ್ನು ಬಹಳ ಹೊತ್ತು ಮಾತನಾಡಿಸಿದರು. ಅವನು ತಲೆ ತಗ್ಗಿಸಿ ಅಲುಗಾಡದೆ ಇದ್ದ. “ಎಷ್ಟು ಕರೆದರೂ ಲಕ್ಷ್ಯವೇ ಇಲ್ಲವಲ್ಲ ಇವನಿಗೆ” ಎಂದು ಬೇಸರಪಟ್ಟು ಎದ್ದು ಹೋದರು. ಕಣ್ಣಿಲ್ಲದ ಕೂಸು ಗಮನವಿಟ್ಟು ಕೇಳುವಾಗ ಮುಖ ತಿರುಗಿಸುವುದಿಲ್ಲ, ಕೈಕಾಲು ಆಡಿಸುವುದನ್ನೂ ನಿಲ್ಲಿಸಿ ಸ್ತಬ್ಧವಾಗುತ್ತದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ. ಆಮೇಲೆ ಅವನಿಗೆ ತರಬೇತಿ ಕೊಡುವ ಥೆರಪಿಸ್ಟ್ ಹೇಳಿ ಗೊತ್ತಾಯಿತು.

ಆದ್ದರಿಂದ ಮೊದಲ ಹುಟ್ಟುಹಬ್ಬದ ಮಾತು ಬಂದಾಗ ನಾನು ಗಟ್ಟಿಯಾಗಿ ಹೇಳಿದೆ: ಈ ಸಲದ ಹಬ್ಬ ನೋಡಲು ಬಂದವರಿಗಲ್ಲ, ಅವನಿಗೆ. ಅವನ ಕೈಗೆ, ಕಿವಿಗೆ, ಮೂಗಿಗೆ ಸಿಗದ ಯಾವುದೂ ಬೇಡ.

ದಾರಿ ತೋರಿಸಿದ್ದು ನಮ್ಮ ಅತ್ತೆ. ಹುಟ್ಟಿದ ದಿನ ಎಳ್ಳಮಾವಾಸ್ಯೆಯ ಹಿಂದಿನ ವಾರದಲ್ಲಿತ್ತು. “ಹಬ್ಬದ ದಿನವೇ ಹೊಲದಲ್ಲಿ ಮಾಡೋಣ. ಹೇಗಿದ್ದರೂ ಎಲ್ಲರೂ ಚರಗ ಚೆಲ್ಲಲು ಬರುತ್ತಾರೆ” ಎಂದರು. ಚರಗ ಎಂದರೆ ಭೂಮಿತಾಯಿಗೆಂದು ಹೊಲದಲ್ಲಿ ಚೆಲ್ಲುವ ಎಡೆ. ಕೂಸಿನ ಕಾರ್ಯಕ್ಕೆ ಅಮಾವಾಸ್ಯೆಯೇ ಎಂದು ಒಂದಿಬ್ಬರು ಮುಖ ಸಿಂಡರಿಸಿದರು. “ಭೂಮಿತಾಯಿಗೆ ಸೀಮಂತ ಮಾಡುವ ದಿನ ಅದು, ನನ್ನ ಮೊಮ್ಮಗನಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದು?” ಎಂದು ಅತ್ತೆ ಕೇಳಿದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಆಳಂದ ರಸ್ತೆಯ ನಮ್ಮ ಹೊಲದಲ್ಲಿ ಆ ಹೊತ್ತಿಗೆ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಗಾಳಿ ಬೀಸಿದರೆ ಗರಿ ಸರಸರ ಎನ್ನುತ್ತದೆ. ತೊಗರಿ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಒಣಗಿದ ತೊಗರಿ ಗಿಡ ಅಲುಗಿಸಿದರೆ ಕಾಯಿಯೊಳಗಿನ ಕಾಳು ಗಿಲಕಿಯಂತೆ ಗಲಗಲ ಎನ್ನುತ್ತದೆ. ನನಗೆ ಬೇಕಾದ ಅಲಂಕಾರವೆಲ್ಲ ಅಲ್ಲೇ ಬೆಳೆದು ನಿಂತಿತ್ತು.

ಕರೆದದ್ದು ಇಪ್ಪತ್ತೆರಡು ಜನರನ್ನು. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಮುಟ್ಟುವ ಮೊದಲು ಮಾತನಾಡಿ, ನೀವು ಯಾರೆಂದು ಹೇಳಿ ಎಂದೆ. ಅವನ ಕೈ ಹಿಡಿದು ಎಳೆದು ಏನನ್ನೂ ಮುಟ್ಟಿಸಬೇಡಿ, ನಿಮ್ಮ ಕೈಯನ್ನು ಅವನ ಕೈ ಕೆಳಗೆ ಇಡಿ, ಮೇಲಿರುವ ಕೈ ಅವನದಾಗಿರಲಿ, ಬೇಡವೆನಿಸಿದರೆ ಹಿಂದಕ್ಕೆ ತೆಗೆದುಕೊಳ್ಳಲಿ ಎಂದೆ. ಕಣ್ಣಿಲ್ಲದವರಿಗೆ ಕೈಯೇ ಕಣ್ಣು. ಅದನ್ನು ಇನ್ನೊಬ್ಬರು ಹಿಡಿದುಕೊಂಡರೆ ಕಣ್ಣು ಕಟ್ಟಿದಂತಾಗುತ್ತದೆ. ಕೊನೆಗೆ, “ಅಯ್ಯೋ ಪಾಪ” ಎನ್ನಬೇಡಿ ಎಂದು ಕೈಮುಗಿದು ಕೇಳಿಕೊಂಡೆ. ಅವನಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯುತ್ತದೆ. ಒಬ್ಬರು ಸಿಟ್ಟಾದರು. ಆಗಲಿ, ಅದಕ್ಕೆ ನನಗೆ ವಿಷಾದವಿಲ್ಲ.

ಹೊಸ ಜಾಗ ಅವನನ್ನು ಹೆದರಿಸುತ್ತದೆಂದು ಗೊತ್ತಿತ್ತು. ಅದಕ್ಕೇ ಹತ್ತು ದಿನ ಮೊದಲು ಅವನ ಮುತ್ಯಾ, ಅಂದರೆ ಅಜ್ಜ, ಹೊಲದಿಂದ ಎತ್ತಿನ ಗೆಜ್ಜೆಸರ ತಂದರು. ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ತೊಟ್ಟಿಲ ಬಳಿ ಕಟ್ಟಿದೆವು. ಮೊದಲೆರಡು ದಿನ ಸದ್ದಿಗೆ ಬೆಚ್ಚುತ್ತಿದ್ದ. ನಾಲ್ಕನೆಯ ದಿನ ನನ್ನ ಕೈಯ ಮೇಲೆ ಕೈಯಿಟ್ಟುಕೊಂಡು ಚರ್ಮದ ಪಟ್ಟಿ ಸವರಿದ. ಆಮೇಲೆ ಒಂದೊಂದೇ ಗೆಜ್ಜೆ. ಕೊನೆಗೆ ನಾಲಿಗೆಯನ್ನೂ ಚಾಚಿದ. ಹಾಗೆಯೇ ಒಂದು ಅಗಲ ಬುಟ್ಟಿ ಜೋಡಿಸಿದೆ: ಹಿತ್ತಾಳೆ ತಂಬಿಗೆ, ಅವನ ಆಯಿಯ, ಅಂದರೆ ಅಜ್ಜಿಯ, ಇಳಕಲ್ ಸೀರೆಯ ತುಂಡು, ಒರಟು ಕಂಬಳಿ, ಸಣ್ಣ ಮೊರ, ತೆಂಗಿನ ಚಿಪ್ಪು. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುವಂಥದ್ದು ಒಂದೂ ಇರದಂತೆ ನೋಡಿಕೊಂಡೆ. ಹಬ್ಬದ ದಿನ ಶೇಂಗಾ, ತೊಗರಿ ಕಾಳು ಎಲ್ಲೆಡೆ ಬಿದ್ದಿರುತ್ತವೆ, ಹೀಗಾಗಿ ಅವನ ಜಮಖಾನೆಯ ಕಾವಲಿಗೆಂದೇ ನನ್ನ ತಂಗಿ ಕುಳಿತಳು.

ಎತ್ತಿನ ಗಾಡಿಯಲ್ಲಿ ಹೋಗಬೇಕೆಂದು ಮುತ್ಯಾ ಹಟ ಹಿಡಿದಿದ್ದರು, ಕುಲುಕಾಟಕ್ಕೆ ಹೆದರಿ ನಾನು ಒಪ್ಪಲಿಲ್ಲ. ಆಟೋದಲ್ಲಿ ಒಂದು ಗಂಟೆ ಮೊದಲೇ ಮುಟ್ಟಿ, ಜನ ಬರುವ ಮುನ್ನ ಅವನನ್ನು ಎತ್ತಿಕೊಂಡು ಬದುವಿನುದ್ದಕ್ಕೂ ನಡೆದೆ. ಇದು ಜೋಳ, ಇದು ತೊಗರಿ, ಇದು ಬನ್ನಿಮರದ ತೊಗಟೆ ಎಂದು ಹೇಳುತ್ತ, ನನ್ನ ಕೈಯನ್ನು ಅವನ ಅಂಗೈ ಕೆಳಗಿಟ್ಟು ತಾಗಿಸುತ್ತ ಹೋದೆ. ತೊಗಟೆ ಬೇಡವೆಂದ, ಜೋಳದ ಗರಿ ಇನ್ನೂ ಬೇಕೆಂದ. ಬನ್ನಿಮರದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿದರು. ಕೂಗು ಹಾಕುತ್ತ ಚರಗ ಚೆಲ್ಲುವ ಗಂಡಸರು ಹೊಲದ ಆಚೆ ತುದಿಗೆ ಹೋಗಿಯೇ ದನಿ ಎತ್ತಿದರು. ದೂರದಿಂದ ಬಂದ ಕೂಗಿಗೆ ಅವನು ಅಳಲಿಲ್ಲ.

ಆರತಿಯನ್ನು ಕೊಂಪೆಯ, ಅಂದರೆ ಹೊಲದ ಗುಡಿಸಲಿನ, ನೆರಳಿನಲ್ಲಿ ಮಾಡಿದೆವು. ಸುತ್ತ ಬಿಸಿಲಿದ್ದರೆ ದೀಪದ ಬೆಳಕು ಅವನಿಗೆ ತಿಳಿಯುವುದಿಲ್ಲ. ಐವರು ಮುತ್ತೈದೆಯರು ಎಂದಿನಂತೆ ಸರಸರನೆ ಸುತ್ತಿಸದೆ, ತಟ್ಟೆಯನ್ನು ಅವನ ಬಲಗಣ್ಣಿನ ಕಡೆ ಹಿಡಿದು ನಿಲ್ಲಿಸಿದರು. ಎಷ್ಟೋ ಹೊತ್ತಿನ ಮೇಲೆ ಮುಖ ಆ ಕಡೆ ವಾಲಿತು. ಹಾಡು ಮೊದಲು ನಮ್ಮ ಅತ್ತೆ ಒಬ್ಬರದೇ ಮೆಲುದನಿಯಲ್ಲಿ ಶುರುವಾಗಿ, ಒಬ್ಬೊಬ್ಬರಾಗಿ ಉಳಿದವರು ಕೂಡಿಕೊಂಡರು. ಚಪ್ಪಾಳೆ ಬೇಡವೆಂದಿದ್ದೆ.

ಕೇಕು ಮಕ್ಕಳಿಗಾಗಿ ತಂದಿದ್ದೆವು. ಅಂಟು ಕೆನೆ ಅವನಿಗೆ ಆಗದು, ಕೈ ಒರೆಸುವವರೆಗೂ ನಡುಗುತ್ತಾನೆ. ಅವನ ಎರಡೂ ಅಂಗೈಗೆ ಬೆಚ್ಚಗಿನ ಸಜ್ಜೆ ಕಡುಬು ಕೊಟ್ಟೆ. ಮೂಸಿದ, ಅದುಮಿದ, ಕೆಳಗೆ ಬೀಳಿಸಿದ, ಮತ್ತೆ ಕೇಳಿದ. ಅದೇ ಅವನ ಕೇಕು ಕತ್ತರಿಸಿದ ಲೆಕ್ಕ. ಭಜ್ಜಿ, ರೊಟ್ಟಿ, ಅಂಬಲಿಯ ಊಟ ಎಲ್ಲರಿಗೂ ಇದ್ದೇ ಇತ್ತು.

ಊಟದ ನಡುವೆ “ಇನ್ನೂ ನಡೆಯುವುದಿಲ್ಲವೇ?” ಎಂದು ಹಲವರು ಕೇಳಿದರು. ಹನ್ನೆರಡು ವಾರ ಮೊದಲೇ ಬಂದವನು, ತುಂಬಿದ ದಿನದಿಂದ ಎಣಿಸಿದರೆ ಅವನಿಗೆ ಒಂಬತ್ತು ತಿಂಗಳು, ಮೇಲಾಗಿ ಎದುರಿನ ವಸ್ತು ಕಾಣದ ಕೂಸಿಗೆ ಅದರತ್ತ ತೆವಳುವ ಆಸೆ ಹುಟ್ಟುವುದೇ ತಡ ಎಂದು ಪ್ರತಿಯೊಬ್ಬರಿಗೂ ಸಮಾಧಾನದಿಂದ ಬಿಡಿಸಿ ಹೇಳಿದೆ. “ಗದಗಿಗೆ ಕಳುಹಿಸು ತಾಯಿ, ದೊಡ್ಡ ಗವಾಯಿ ಆಗುತ್ತಾನೆ” ಎಂದರು ಒಬ್ಬ ಹಿರಿಯರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಸಿ ಕಣ್ಣಿಲ್ಲದ ಎಷ್ಟು ಮಕ್ಕಳ ಬಾಳು ಕಟ್ಟಿಕೊಟ್ಟರೆಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅವರ ಹೆಸರಿಗೆ ನಾನೂ ಕೈಮುಗಿಯುತ್ತೇನೆ. ಆದರೆ ನನ್ನ ಮಗನಿಗೆ ಈಗ ಒಂದೇ ವರ್ಷ. ಅವನು ಹಾಡುತ್ತಾನೋ ಲೆಕ್ಕ ಕಲಿಯುತ್ತಾನೋ ಹೊಲ ನೋಡಿಕೊಳ್ಳುತ್ತಾನೋ, ಅವನೇ ಹೇಳಲಿ.

ಪಕ್ಕದ ಹೊಲದವರು ಅಂಬಲಿಗೆ ಬಂದಿದ್ದರು. ಸೊಸೆಗೆ ಮೂವತ್ತೆರಡನೆಯ ವಾರಕ್ಕೆ ಹೆರಿಗೆಯಾಗಿ ಇಪ್ಪತ್ತು ದಿನವೆಂದು ಮಾತಿಗೆ ಮಾತು ಬಂತು. ನಾನು ತಟ್ಟೆ ಬಿಟ್ಟು ಎದ್ದು ಅವರ ಪಕ್ಕ ಕುಳಿತೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ನನ್ನ ಮಗನಷ್ಟು ಚಿಕ್ಕವರಿಗೆ ಎರಡು ಮೂರು ವಾರಕ್ಕೇ ಆಗಬೇಕು. ಅವಧಿಗೆ ಮೊದಲು ಬಂದ ಕೂಸಿನ ರೆಟಿನಾದ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ, ಆಮೇಲೆ ಅಡ್ಡಾದಿಡ್ಡಿ ಬೆಳೆದು ಅದನ್ನು ಕಿತ್ತೆಳೆಯುತ್ತವೆ. ಹೊತ್ತಿಗೆ ಸರಿಯಾಗಿ ಲೇಸರ್ ಕೊಟ್ಟರೆ ಬಹುಪಾಲು ಮಕ್ಕಳ ಕಣ್ಣು ಉಳಿಯುತ್ತದೆ. ನಮ್ಮನ್ನು ನಲವತ್ತನೆಯ ದಿನ ಮನೆಗೆ ಕಳುಹಿಸಿದ ಆಸ್ಪತ್ರೆ ಈ ಮಾತನ್ನು ಹೇಳಲೇ ಇಲ್ಲ, ಚೀಟಿಯಲ್ಲೂ ಬರೆಯಲಿಲ್ಲ. ಅಲ್ಲೇ ಕುಳಿತು ಫೋನ್ ಮಾಡಿಸಿದೆ. ಎರಡು ದಿನದಲ್ಲಿ ಕೂಸನ್ನು ತೋರಿಸಿ ಬಂದರು. ಎರಡು ವಾರ ಬಿಟ್ಟು ಮತ್ತೆ ಕರೆದಿದ್ದಾರೆ, ಹೋಗುತ್ತಾರೆ. ನಾನು ನೆನಪಿಸುತ್ತಲೇ ಇದ್ದೇನೆ.

ಮೂರು ಗಂಟೆಯ ಹೊತ್ತಿಗೆ ಅವನು ದಣಿದಿದ್ದ. ಹೆಗಲಿಗೆ ಹಾಕಿಕೊಂಡು ಕೊಂಪೆಯ ಹೊರಗೆ ನಿಂತೆ. ಮುತ್ಯಾ ಎತ್ತುಗಳಿಗೆ ನೀರು ಕುಡಿಸಿ ಗಾಡಿಯತ್ತ ತರುತ್ತಿದ್ದರು, ತೊಟ್ಟಿಲಿನಿಂದ ಬಿಚ್ಚಿದ ಗೆಜ್ಜೆಸರ ಬೆಳಿಗ್ಗೆಯೇ ಎತ್ತಿನ ಕೊರಳಿಗೆ ಮರಳಿತ್ತು. ದೂರದಿಂದ ಆ ಸದ್ದು ಹತ್ತಿರವಾಗುತ್ತಾ ಬಂತು. ಮಗನ ಕಾಲಾಟ ನಿಂತಿತು, ಬೆರಳುಗಳು ನನ್ನ ಕೊರಳಲ್ಲಿ ಹಾಗೇ ಉಳಿದವು. ತಲೆ ತಗ್ಗಿತು. ಮಕ್ಕಳು ಹಿಂದೆ ಗದ್ದಲವೆಬ್ಬಿಸುತ್ತಿದ್ದವು.

ಭಾವನವರು ಅವನನ್ನು ನೋಡಿದರು. ಆಮೇಲೆ ಮಕ್ಕಳತ್ತ ತಿರುಗಿ ಕೈ ಎತ್ತಿದರು. “ಸ್ವಲ್ಪ ಸುಮ್ಮನಿರಿ, ಅವನು ಕೇಳುತ್ತಿದ್ದಾನೆ.”